ಕಾಫಿ ನಾಡಿನ ಮಗುವಿಗೆ 'ಇಂಟರ್‌ನ್ಯಾಷನಲ್' ಶಾಲೆ: ನೋಡಬೇಕಾದ್ದು ಹೆಸರನ್ನೋ, ತರಗತಿಯ ಮಾತನ್ನೋ?

ಕಾಫಿ ಕುಯ್ಲು ಮುಗಿಯುತ್ತಾ ಬಂದಂತೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಇನ್ನೊಂದು ಸುಗ್ಗಿ ಶುರುವಾಗುತ್ತದೆ. ಅದು ಶಾಲಾ ದಾಖಲಾತಿಯ ಸುಗ್ಗಿ. ಬಸ್ ನಿಲ್ದಾಣದ ಹತ್ತಿರ ಹೊಸ ಫ್ಲೆಕ್ಸ್‌ಗಳು ಬೀಳುತ್ತವೆ. ಸ್ಮಾರ್ಟ್ ಕ್ಲಾಸ್, ಇಂಗ್ಲಿಷ್ ವಾತಾವರಣ, ಮನೆ ಬಾಗಿಲಿಗೆ ಬಸ್ಸು ಎಂಬ ಭರವಸೆಗಳ ನಡುವೆ 'ಇಂಟರ್‌ನ್ಯಾಷನಲ್' ಎಂಬ ಪದವೂ ದೊಡ್ಡದಾಗಿ ಕಾಣುತ್ತದೆ.

ಮೂರು ಮನೆಗಳನ್ನು ಊಹಿಸಿಕೊಳ್ಳಿ. ಒಂದು, ಮೂಡಿಗೆರೆ ಹತ್ತಿರದ ಹತ್ತು ಎಕರೆ ತೋಟದ ಮನೆ. ಅಲ್ಲಿನ ನಾಲ್ಕು ವರ್ಷದ ಮಗಳನ್ನು ಊರಿನ ಶಾಲೆಗೆ ಸೇರಿಸಬೇಕೋ, ದಿನವೂ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಕಳಿಸಬೇಕೋ ಎಂಬ ಚರ್ಚೆ ನಡೆದಿದೆ. ಎರಡು, ಕಳಸದಿಂದ ದುಬೈಗೆ ಹೋಗಿ ನೆಲೆಸಿದ ಕುಟುಂಬ. ಅವರಿಗೆ ಮಗನನ್ನು ಭಾರತೀಯ ಪಠ್ಯಕ್ರಮದ ಶಾಲೆಗೆ ಹಾಕುವುದೋ, ಬ್ರಿಟಿಷ್ ಪಠ್ಯಕ್ರಮದ ಶಾಲೆಗೋ ಎಂಬ ಗೊಂದಲ. ಮೂರು, ಅದೇ ಮೂಡಿಗೆರೆಯ ತೋಟವೊಂದರ ಲೈನ್ ಮನೆ. ಅಲ್ಲಿ ಅಸ್ಸಾಮಿನಿಂದ ಕೆಲಸಕ್ಕೆ ಬಂದ ಕುಟುಂಬದ ಆರು ವರ್ಷದ ಹುಡುಗನಿದ್ದಾನೆ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಪಾಠ ಕನ್ನಡದಲ್ಲಿ, ಅವನಿಗೆ ಕನ್ನಡ ಬಾರದು.

ಹಣಕಾಸಿನ ಲೆಕ್ಕದಲ್ಲಿ ಈ ಮೂರು ಮನೆಗಳ ನಡುವೆ ಬಹಳ ಅಂತರ ಇದೆ. ಆದರೆ ಮಗುವಿನ ಮಿದುಳಿನ ಕಡೆಯಿಂದ ನೋಡಿದರೆ ಪ್ರಶ್ನೆ ಒಂದೇ: ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಆದಾಗ ಚಿಕ್ಕ ಮಗು ಹೇಗೆ ಕಲಿಯುತ್ತದೆ? ಈ ಬಗ್ಗೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಹಲವು ದೇಶಗಳಲ್ಲಿ ಅಧ್ಯಯನ ನಡೆದಿದೆ. ಅದು ಹೇಳುವುದಕ್ಕೂ ನಮ್ಮಲ್ಲಿ ಬಾಯಿಂದ ಬಾಯಿಗೆ ಹರಡಿರುವ ನಂಬಿಕೆಗಳಿಗೂ ಸಾಕಷ್ಟು ವ್ಯತ್ಯಾಸವಿದೆ. ಒಂದೊಂದಾಗಿ ನೋಡೋಣ.

'ಇಂಟರ್‌ನ್ಯಾಷನಲ್' ಎಂದರೆ ನಿಜಕ್ಕೂ ಏನು?

ಶಾಲೆಯ ಹೆಸರಿನಲ್ಲಿ ಈ ಪದ ಇದ್ದ ಮಾತ್ರಕ್ಕೆ ಅಲ್ಲಿನ ಪಾಠ ಅಂತರರಾಷ್ಟ್ರೀಯ ಎಂದು ಅರ್ಥವಲ್ಲ. ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಎಂದಿದ್ದು, ಒಳಗೆ ಸಿಬಿಎಸ್‌ಇ ಅಥವಾ ರಾಜ್ಯ ಪಠ್ಯಕ್ರಮವನ್ನೇ ಕಲಿಸುವ ಶಾಲೆಗಳು ಬೇಕಾದಷ್ಟಿವೆ. ಅದು ತಪ್ಪೇನೂ ಅಲ್ಲ, ಆದರೆ ಪೋಷಕರಿಗೆ ತಿಳಿದಿರಬೇಕು.

ಅಂತರರಾಷ್ಟ್ರೀಯ ಪಠ್ಯಕ್ರಮ ಎಂದಾಗ ಭಾರತದಲ್ಲಿ ಮುಖ್ಯವಾಗಿ ಎರಡು ಹೆಸರು ಬರುತ್ತವೆ. ಒಂದು, 1968ರಲ್ಲಿ ಜಿನೀವಾದಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಅಂದರೆ ಐಬಿ. ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಅದು ರೂಪಿಸಿದ ಪ್ರಾಥಮಿಕ ಕಾರ್ಯಕ್ರಮ ಬಂದದ್ದು 1997ರಲ್ಲಿ. ಇನ್ನೊಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಪರೀಕ್ಷಾ ಸಂಸ್ಥೆಯದ್ದು. ಅದರ ಐಜಿಸಿಎಸ್‌ಇ ಪರೀಕ್ಷೆ 1988ರಿಂದ ನಡೆಯುತ್ತಿದೆ. ಭಾರತದಲ್ಲಿ ಐಬಿಯನ್ನು ಮೊದಲು ತಂದದ್ದು ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಶಾಲೆ, 1976ರಲ್ಲಿ.

ಐಬಿ ಹುಟ್ಟಿದ ಹಿನ್ನೆಲೆ ಗಮನಿಸಿ. ರಾಯಭಾರಿಗಳು, ವಿಶ್ವಸಂಸ್ಥೆಯ ನೌಕರರು, ದೊಡ್ಡ ಕಂಪನಿಗಳ ಅಧಿಕಾರಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ದೇಶ ಬದಲಿಸುತ್ತಾರೆ. ಅವರ ಮಕ್ಕಳು ಪ್ರತಿ ಸಲವೂ ಹೊಸ ಪಠ್ಯಕ್ಕೆ ಹೊಂದಿಕೊಳ್ಳುವ ಕಷ್ಟ ತಪ್ಪಿಸುವುದು ಮೂಲ ಉದ್ದೇಶವಾಗಿತ್ತು. ಒಂದೇ ಊರಿನಲ್ಲಿ ಬೆಳೆಯುವ ಮಗುವಿಗೆ ಆ ಅಗತ್ಯ ಇಲ್ಲ. ಅಲ್ಲಿಯ ಬೋಧನಾ ಕ್ರಮ, ಅಂದರೆ ಪ್ರಶ್ನೆ ಕೇಳಿಸುವುದು, ಕೈಯಿಂದ ಮಾಡಿಸುವುದು ಒಳ್ಳೆಯದೇ. ಆದರೆ ಅದು ಆ ಪಠ್ಯಕ್ರಮಗಳ ಸ್ವತ್ತಲ್ಲ.

ಶಾಲೆ ಹೇಳಿದ್ದನ್ನು ಪರೀಕ್ಷಿಸುವುದು ಸುಲಭ. ಐಬಿ, ಕೇಂಬ್ರಿಜ್, ಸಿಬಿಎಸ್‌ಇ, ಐಸಿಎಸ್‌ಇ ಈ ಎಲ್ಲವೂ ತಮ್ಮ ಮಾನ್ಯತೆ ಪಡೆದ ಶಾಲೆಗಳನ್ನು ತಮ್ಮ ಜಾಲತಾಣದಲ್ಲಿ ತೋರಿಸುತ್ತವೆ. 'ಮಾನ್ಯತೆಗೆ ಅರ್ಜಿ ಹಾಕಿದ್ದೇವೆ' ಎನ್ನುವುದಕ್ಕೂ 'ಮಾನ್ಯತೆ ಸಿಕ್ಕಿದೆ' ಎನ್ನುವುದಕ್ಕೂ ವ್ಯತ್ಯಾಸವಿದೆ. ಶುಲ್ಕ ಕಟ್ಟುವ ಮೊದಲು ಅದನ್ನು ನೋಡಿಕೊಳ್ಳಿ. 'ಮಾಂಟೆಸ್ಸರಿ' ಎಂಬ ಫಲಕಕ್ಕೂ ಇದೇ ಮಾತು ಅನ್ವಯ. ಆ ಹೆಸರು ಯಾರೊಬ್ಬರ ಹಕ್ಕಿನದ್ದೂ ಅಲ್ಲ, ತರಬೇತಿ ಇಲ್ಲದವರೂ ಅದನ್ನು ಹಾಕಿಕೊಳ್ಳಬಹುದು.

'ಎಲ್‌ಕೆಜಿಯಿಂದಲೇ ಶುರು ಮಾಡಿದರೆ ಮಾತ್ರ ಇಂಗ್ಲಿಷ್ ಬರುತ್ತದೆ' ಇದು ಎಷ್ಟು ನಿಜ?

ಅರ್ಧ ನಿಜ. ಆ ಅರ್ಧ ಯಾವುದು ಎಂದು ತಿಳಿಯುವುದು ಮುಖ್ಯ.

ಮಕ್ಕಳ ಕಿವಿ ಬಹಳ ಚುರುಕು. ಕೆನಡಾದ ವಿಜ್ಞಾನಿ ಜ್ಯಾನೆಟ್ ವರ್ಕರ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಹೆಸರಾಗಿದೆ. ಇಂಗ್ಲಿಷ್ ಮನೆಮಾತಿನ ಕೂಸುಗಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ಈ ಎರಡರ ವ್ಯತ್ಯಾಸ ಇಂಗ್ಲಿಷಿನಲ್ಲಿಲ್ಲ. ಆರರಿಂದ ಎಂಟು ತಿಂಗಳ ಕೂಸುಗಳು ಅದನ್ನು ಗುರುತಿಸಿದವು. ಅಂಥದ್ದೇ ಮನೆಗಳ, ವರ್ಷ ತುಂಬುತ್ತಾ ಬಂದ ಕೂಸುಗಳಲ್ಲಿ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಸುತ್ತ ಕೇಳಿಬರುವ ಭಾಷೆಗೆ ಕಿವಿ ಅಷ್ಟು ಬೇಗ ಹೊಂದಿಕೊಳ್ಳುತ್ತದೆ. ಹಾಗಾಗಿ ಉಚ್ಚಾರಣೆಯ ಮಟ್ಟಿಗೆ ಎಳವೆಯಲ್ಲಿ ಕೇಳಿದ ಭಾಷೆಗೆ ಅನುಕೂಲ ಇದೆ.

ಆದರೆ ಒಂದು ಷರತ್ತು ಇದೆ. ಆ ಭಾಷೆ ದಿನದ ಹಲವು ಗಂಟೆ, ನಿಜವಾದ ಮಾತುಕತೆಯಾಗಿ ಕಿವಿಗೆ ಬೀಳಬೇಕು. ದಿನಕ್ಕೆ ಕೆಲವೇ ಗಂಟೆ, ಅದೂ ಕಂಠಪಾಠ ಮತ್ತು ನಕಲು ಬರೆಯುವುದೇ ಆದರೆ ಎಳವೆಯ ಅನುಕೂಲ ಸಿಗುವುದಿಲ್ಲ. ಇದು ಸ್ಪೇನಿನ ಬಾರ್ಸಿಲೋನಾದಲ್ಲಿ ಚೆನ್ನಾಗಿ ಗೊತ್ತಾಯಿತು. ಅಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಶುರು ಮಾಡುವ ವಯಸ್ಸನ್ನು 11ರಿಂದ 8ಕ್ಕೆ ಇಳಿಸಿದಾಗ ಕಾರ್ಮೆನ್ ಮುನ್ಯೋಸ್ ನೇತೃತ್ವದ ತಂಡ ಎರಡೂ ಗುಂಪಿನ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಅಷ್ಟೇ ಗಂಟೆಗಳ ಪಾಠದ ನಂತರ ಹೋಲಿಸಿದರೆ, 11ಕ್ಕೆ ಶುರು ಮಾಡಿದವರೇ ಹೆಚ್ಚಿನ ವಿಷಯಗಳಲ್ಲಿ ಮುಂದಿದ್ದರು. ದೊಡ್ಡ ಮಕ್ಕಳಿಗೆ ಓದು ಬರಹ ಗೊತ್ತಿರುತ್ತದೆ, ನಿಯಮ ಹಿಡಿಯುವ ಶಕ್ತಿ ಬೆಳೆದಿರುತ್ತದೆ. ತರಗತಿಯಲ್ಲಿ ಕಲಿಯುವ ಭಾಷೆಗೆ ಅದು ಲಾಭ.

ವ್ಯಾಕರಣ ಕಲಿಯುವ ಬಾಗಿಲು ಐದನೇ ವಯಸ್ಸಿಗೇ ಮುಚ್ಚುತ್ತದೆ ಎಂಬುದೂ ಸರಿಯಲ್ಲ. ಜೋಶುವಾ ಹಾರ್ಟ್‌ಶೋರ್ನ್ ಮತ್ತು ಸಂಗಡಿಗರು 2018ರಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಜನರ ಇಂಗ್ಲಿಷ್ ವ್ಯಾಕರಣ ಪರೀಕ್ಷೆಯ ಉತ್ತರಗಳನ್ನು ವಿಶ್ಲೇಷಿಸಿದರು. ವ್ಯಾಕರಣ ಕಲಿಯುವ ಸಾಮರ್ಥ್ಯ ಹದಿಹರೆಯದ ಕೊನೆಯ ತನಕ ಚೆನ್ನಾಗಿಯೇ ಉಳಿದಿರುತ್ತದೆ ಎಂಬುದು ಅವರ ಅಂದಾಜು. ಅಚ್ಚ ಇಂಗ್ಲಿಷರಂತೆ ಆಗಬೇಕಾದರೆ ಸುಮಾರು ಹತ್ತು ವರ್ಷಕ್ಕೆ ಮೊದಲು ಶುರು ಮಾಡಿದ್ದರೆ ಒಳ್ಳೆಯದು ಎಂದೂ ಅವರು ಹೇಳಿದರು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಹಾಗಾಗಿ ವಯಸ್ಸಿನ ಭಯಕ್ಕೆ ಆಧಾರ ಕಡಿಮೆ. ಆ ಪಾಠವನ್ನು ಯಾರು, ಹೇಗೆ ಮಾಡುತ್ತಾರೆ ಎಂಬುದು ನಿಜವಾದ ಚಿಂತೆ.

'ಎರಡು ಮೂರು ಭಾಷೆಯಾದರೆ ಮಗುವಿಗೆ ಗೊಂದಲ'

ಈ ನಂಬಿಕೆ ಕಾಫಿ ನಾಡಿನಲ್ಲಿ ನಿಲ್ಲುವುದೇ ಇಲ್ಲ. ಮೂಡಿಗೆರೆ ಪೇಟೆಯಲ್ಲಿ ಒಂದು ಸಂತೆಯ ದಿನ ನಿಂತರೆ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲಯಾಳ, ತಮಿಳು ಎಲ್ಲ ಕೇಳಿಸುತ್ತವೆ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ತೋಟದಲ್ಲಿ ತಮಿಳು ಮಾತಾಡುವ ಹಿರಿಯರು ಯಾವ ಗೊಂದಲವೂ ಇಲ್ಲದೆ ಬಾಳಿದ್ದಾರೆ.

ವಿಜ್ಞಾನದಲ್ಲೂ ಈ ನಂಬಿಕೆ ಒಂದು ಕಾಲಕ್ಕೆ ಇತ್ತು. ಎರಡು ಭಾಷೆ ಬುದ್ಧಿಯನ್ನು ಕುಂಠಿತಗೊಳಿಸುತ್ತದೆ ಎಂದು ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಹಲವರು ಬರೆದರು. ಅವರು ಬಡ ವಲಸಿಗರ ಮಕ್ಕಳನ್ನು ಅನುಕೂಲಸ್ಥರ ಮಕ್ಕಳೊಂದಿಗೆ ಹೋಲಿಸಿದ್ದರು. ತಪ್ಪು ಅಲ್ಲೇ ಇತ್ತು. 1962ರಲ್ಲಿ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ ಒಂದೇ ತರಹದ ಹಿನ್ನೆಲೆಯ ಹತ್ತು ವರ್ಷದ ಮಕ್ಕಳನ್ನು ಹೋಲಿಸಿ ನೋಡಿದಾಗ ಎರಡು ಭಾಷೆಯವರು ಹಿಂದೆ ಇರಲಿಲ್ಲ, ಹಲವು ಪರೀಕ್ಷೆಗಳಲ್ಲಿ ಮುಂದಿದ್ದರು.

ಮಗು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿದರೆ ಹೆದರಬೇಡಿ. ಅದು ಸಹಜ. ಆದರೆ ಮಗುವಿಗೆ ಯಾವ ಭಾಷೆಯಲ್ಲೂ ಮಾತು ಬರುವುದು ತಡವಾಗಿದ್ದರೆ 'ಎರಡು ಭಾಷೆಯಿಂದ ಹೀಗಾಗಿದೆ' ಎಂದು ಕಾಯುತ್ತಾ ಕೂರುವುದು ತಪ್ಪು. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ.

ಆಟದ ಮಾತು ಬೇರೆ, ಪಾಠದ ಮಾತು ಬೇರೆ

ಪೋಷಕರನ್ನು ಹೆಚ್ಚು ದಾರಿ ತಪ್ಪಿಸುವುದು ಇಲ್ಲಿ. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮಗು ವರ್ಷದೊಳಗೆ 'ಮೇ ಐ ಕಮಿನ್' ಎನ್ನುತ್ತದೆ, ಪದ್ಯ ಹೇಳುತ್ತದೆ, ನೆಂಟರ ಮುಂದೆ ಹಣ್ಣುಗಳ ಹೆಸರು ಒಪ್ಪಿಸುತ್ತದೆ. ಮನೆಯವರಿಗೆ ಖುಷಿ. ಭಾಷೆ ಬಂತು ಎಂದುಕೊಳ್ಳುತ್ತೇವೆ.

ಕೆನಡಾದ ಜಿಮ್ ಕಮಿನ್ಸ್ 1979ರ ಹೊತ್ತಿಗೆ ಈ ಎರಡನ್ನೂ ಬೇರ್ಪಡಿಸಿ ತೋರಿಸಿದರು. ದಿನಬಳಕೆಯ ಮಾತು ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಪಾಠವನ್ನು ಓದಿ, ಕಾರಣ ಹೇಳಿ, ಲೆಕ್ಕದ ಪ್ರಶ್ನೆ ಅರ್ಥ ಮಾಡಿಕೊಂಡು ಬರೆಯುವ ಭಾಷೆಗೆ ಐದರಿಂದ ಏಳು ವರ್ಷ ಬೇಕಾಗುತ್ತದೆ. ಸುತ್ತಮುತ್ತ ಎಲ್ಲರೂ ಇಂಗ್ಲಿಷ್ ಆಡುವ ಕೆನಡಾದಲ್ಲೇ ವಲಸಿಗ ಮಕ್ಕಳಿಗೆ ಇಷ್ಟು ಕಾಲ ಬೇಕಾಯಿತು.

ಒಂದು ಉದಾಹರಣೆ ನೋಡಿ. ತೋಟದ ಮನೆಯ ಮಗು ಕಣದಲ್ಲಿ ಹರಡಿದ ಕಾಫಿಯನ್ನು ದಿನವೂ ನೋಡುತ್ತದೆ. ಬಿಸಿಲಿದ್ದರೆ ಬೇಗ ಒಣಗುತ್ತದೆ, ಮೋಡ ಕವಿದರೆ ತಡ, ಕೈಯಾಡಿಸದಿದ್ದರೆ ಅಡಿಯಲ್ಲಿ ಹಸಿಯಾಗಿಯೇ ಉಳಿಯುತ್ತದೆ, ರಾತ್ರಿ ಮುಚ್ಚದಿದ್ದರೆ ಇಬ್ಬನಿಗೆ ಮತ್ತೆ ತೇವವಾಗುತ್ತದೆ. ನೀರು ಆವಿಯಾಗುವ ಪಾಠದ ಮುಕ್ಕಾಲು ಪಾಲು ಆ ಮಗುವಿಗೆ ಆಗಲೇ ಗೊತ್ತು. ಶಿಕ್ಷಕಿ 'ಕಣದಲ್ಲಿ ಕಾಫಿ ಯಾಕೆ ಒಣಗುತ್ತೆ ಹೇಳಿ' ಎಂದು ಕೇಳಿದರೆ ಹತ್ತು ಕೈ ಮೇಲೇಳುತ್ತವೆ. ಅದರ ಮೇಲೆ 'ಇವಾಪೊರೇಶನ್' ಎಂಬ ಪದವನ್ನು ಕೂರಿಸುವುದು ಒಂದು ನಿಮಿಷದ ಕೆಲಸ. ಅದೇ ಶಿಕ್ಷಕಿ ಇಂಗ್ಲಿಷಿನಲ್ಲೇ ವ್ಯಾಖ್ಯೆ ಬರೆಸಿ, ಕಾಗುಣಿತ ಬಾಯಿಪಾಠ ಮಾಡಿಸಿದರೆ ಮಗುವಿಗೆ ಪದ ಬರುತ್ತದೆ, ಆದರೆ ಕಣಕ್ಕೂ ಆ ಪದಕ್ಕೂ ಸಂಬಂಧ ಹೊಳೆಯುವುದಿಲ್ಲ. ಅಂಕ ಬರಬಹುದು. ನಷ್ಟ ಕಾಣಿಸುವುದು ಐದಾರನೇ ತರಗತಿಯಲ್ಲಿ, ಪಾಠಗಳು ಗಟ್ಟಿಯಾದಾಗ.

ಹಾಗಾದರೆ ಇಂಗ್ಲಿಷ್ ಮಾಧ್ಯಮವೇ ತಪ್ಪೇ?

ಹಾಗೆ ಹೇಳಿದರೂ ಅದು ಪೂರ್ತಿ ನಿಜವಲ್ಲ. 1965ರಲ್ಲಿ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಿಶುವಿಹಾರದಿಂದಲೇ ಫ್ರೆಂಚಿನಲ್ಲಿ ಪಾಠ ಶುರು ಮಾಡಿದರು. ಅದು ಯಶಸ್ವಿಯಾಯಿತು. ಮಕ್ಕಳಿಗೆ ಫ್ರೆಂಚೂ ಬಂತು, ಇಂಗ್ಲಿಷೂ ಕೆಡಲಿಲ್ಲ. ಆದರೆ ಅಲ್ಲಿ ಶಿಕ್ಷಕರಿಗೆ ಫ್ರೆಂಚ್ ನೀರು ಕುಡಿದಷ್ಟು ಸುಲಭ, ಮಕ್ಕಳು ಮೊದಮೊದಲು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಯಾರೂ ಗದರಲಿಲ್ಲ, ಮನೆಯಲ್ಲಿ ಪುಸ್ತಕ, ಓದು, ಬೆಂಬಲ ಎಲ್ಲ ಇತ್ತು.

ಇನ್ನೊಂದು ಕಡೆ, ನೈಜೀರಿಯಾದ ಇಫೆ ಊರಿನಲ್ಲಿ 1970ರಲ್ಲಿ ಶುರುವಾದ ಪ್ರಯೋಗ. ಅಲ್ಲಿ ಒಂದು ಗುಂಪಿನ ಮಕ್ಕಳಿಗೆ ಆರು ವರ್ಷ ತಾಯ್ನುಡಿ ಯೊರುಬಾದಲ್ಲಿ ಪಾಠ, ಜೊತೆಗೆ ಒಳ್ಳೆಯ ಶಿಕ್ಷಕರಿಂದ ಇಂಗ್ಲಿಷ್ ಒಂದು ವಿಷಯವಾಗಿ. ಇನ್ನೊಂದು ಗುಂಪು ರೂಢಿಯಂತೆ ಬೇಗನೆ ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿತು. ತಾಯ್ನುಡಿಯಲ್ಲಿ ಕಲಿತವರು ಬೇರೆ ವಿಷಯಗಳಲ್ಲಿ ಮುಂದಿದ್ದರು, ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ.

ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ. ಕಲಿಸುವವರಿಗೆ ಆ ಭಾಷೆ ಚೆನ್ನಾಗಿ ಬರಬೇಕು, ಮಗುವಿಗೆ ಅರ್ಥವಾಗಬೇಕು, ಮನೆಮಾತಿಗೆ ಗೌರವ ಇರಬೇಕು. ಈ ಮೂರೂ ಇದ್ದರೆ ಬೇರೆ ಭಾಷೆಯ ಮಾಧ್ಯಮವನ್ನೂ ಮಗು ದಾಟುತ್ತದೆ. ಇವು ಇಲ್ಲದೆ, 'ಕನ್ನಡ ಮಾತಾಡಿದರೆ ದಂಡ' ಎಂಬ ಫಲಕವಷ್ಟೇ ಇದ್ದರೆ ಮಗು ಮಾತೇ ಆಡದೆ ಕೂರುತ್ತದೆ.

ಇದೇ ವಿಷಯ ನಮ್ಮ ರಾಜ್ಯದಲ್ಲಿ ಇಪ್ಪತ್ತು ವರ್ಷ ನ್ಯಾಯಾಲಯದಲ್ಲಿತ್ತು. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಕಡ್ಡಾಯ ಎಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶಿಸಿತ್ತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಒಪ್ಪಲಿಲ್ಲ; ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ಪೋಷಕರದ್ದು, ಸರ್ಕಾರ ಹೇರುವಂತಿಲ್ಲ ಎಂದಿತು. ಮಾತೃಭಾಷೆಯಲ್ಲಿ ಕಲಿಯುವುದು ಒಳ್ಳೆಯದೋ ಅಲ್ಲವೋ ಎಂಬ ಪ್ರಶ್ನೆಗಿಂತ ಆಯ್ಕೆ ಯಾರದ್ದು ಎಂಬುದೇ ಅಲ್ಲಿ ಮುಖ್ಯವಾಗಿತ್ತು. ಹಾಗಾಗಿ ಈಗ ಹೊಣೆ ನಮ್ಮ ಮೇಲೆ ಬಂದಿದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಪ್ರಕಾರ ಯಾವ ಮಂಡಳಿಯ ಶಾಲೆಯಾದರೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ನೀವು ನೋಡುತ್ತಿರುವ ಶಾಲೆ ಅದನ್ನು ಹೇಗೆ ಮಾಡುತ್ತಿದೆ ಎಂದು ಕೇಳಿ.

ಪೋಷಕರ ಇಂಗ್ಲಿಷ್ ಆಸೆಯನ್ನು ಹಾಸ್ಯ ಮಾಡುವುದೂ ಸರಿಯಲ್ಲ. ತೋಟದ ಆದಾಯ ಮಳೆ ಮತ್ತು ಬೆಲೆಯ ಮೇಲೆ ನಿಂತಿದೆ. ಮಗ ಮಗಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕೆಲಸ ಹಿಡಿಯಬೇಕು ಎಂಬ ಲೆಕ್ಕಾಚಾರಕ್ಕೆ ಕಾರಣ ಇದೆ. ಇಂಗ್ಲಿಷ್ ಬೇಕು. ಅದಕ್ಕೆ ಹೋಗುವ ದಾರಿ ಯಾವುದು ಎಂಬುದಷ್ಟೇ ಇಲ್ಲಿನ ಚರ್ಚೆ.

ಯಾರೂ ಲೆಕ್ಕ ಹಾಕದ ಖರ್ಚು: ದೂರ, ನಿದ್ದೆ, ಮಳೆ

ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30 ಕಿಲೋಮೀಟರ್. ಕಳಸದಿಂದ ಅದಕ್ಕಿಂತ ಎಷ್ಟೋ ದೂರ, ಅದೂ ತಿರುವುಗಳ ದಾರಿ. ಶಾಲೆಯ ಬಸ್ಸು ತೋಟದಿಂದ ತೋಟಕ್ಕೆ ಸುತ್ತಿ ಹೋಗುವುದರಿಂದ ಸಮಯ ಇನ್ನೂ ಹೆಚ್ಚು.

ನಿದ್ರಾ ವೈದ್ಯಕೀಯದ ಅಮೆರಿಕನ್ ಅಕಾಡೆಮಿ 2016ರಲ್ಲಿ ಕೊಟ್ಟ ಶಿಫಾರಸಿನಂತೆ ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, ಆರರಿಂದ ಹನ್ನೆರಡರವರೆಗೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಏಳಕ್ಕೆ ಬಸ್ಸು ಎಂದರೆ ಆರಕ್ಕೆ ಏಳಬೇಕು. ನಾಲ್ಕು ವರ್ಷದ ಮಗುವಿಗೆ ಹಗಲು ನಿದ್ದೆ ಇಲ್ಲದಿದ್ದರೆ ರಾತ್ರಿ ಎಂಟಕ್ಕೇ ಮಲಗಬೇಕು. ಸಂಜೆ ಐದಕ್ಕೆ ಮನೆಗೆ ಬಂದ ಮಗುವಿಗೆ ಆಟಕ್ಕೆ, ಊಟಕ್ಕೆ, ಅಜ್ಜಿಯ ಹತ್ತಿರ ಕಥೆ ಕೇಳುವುದಕ್ಕೆ ಉಳಿಯುವುದು ಮೂರು ಗಂಟೆ. ಅದರಲ್ಲೇ ಹೋಮ್‌ವರ್ಕ್ ಕೂಡ. ನಿದ್ದೆ ಕಡಿಮೆಯಾದರೆ ಗಮನ, ನೆನಪು ಎರಡೂ ಕುಗ್ಗುತ್ತವೆ. ಅಂದರೆ ದೂರದ ಒಳ್ಳೆಯ ಶಾಲೆಯ ಲಾಭದಲ್ಲಿ ಒಂದಿಷ್ಟನ್ನು ದಾರಿಯೇ ತಿಂದುಹಾಕುತ್ತದೆ.

ತಿರುವಿನ ದಾರಿಯಲ್ಲಿ ವಾಂತಿ ಮಾಡುವ ಮಕ್ಕಳೂ ಬಹಳ. ಕಣ್ಣಿಗೆ ಬಸ್ಸಿನ ಒಳಗು ಅಲುಗದಂತೆ ಕಾಣುತ್ತದೆ, ಒಳಕಿವಿ ಮಾತ್ರ ದೇಹ ಅಲುಗುತ್ತಿದೆ ಎನ್ನುತ್ತದೆ. ಈ ಎರಡು ಸುದ್ದಿ ಹೊಂದದೇ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗೆ ಇದು ಅಪರೂಪ, ಪ್ರಾಥಮಿಕ ಶಾಲೆಯ ವಯಸ್ಸಿನಲ್ಲೇ ಹೆಚ್ಚು, ಆಮೇಲೆ ಕಡಿಮೆಯಾಗುತ್ತದೆ. ಮುಂದಿನ ಸೀಟು, ಹೊರಗೆ ದೂರಕ್ಕೆ ನೋಡುವುದು, ಹಗುರ ತಿಂಡಿ ಸಹಾಯ ಮಾಡುತ್ತವೆ. ಮಗು ಖಾಲಿ ಹೊಟ್ಟೆಯಲ್ಲಿ ಹೋಗುವುದು ಇದಕ್ಕೆ ಪರಿಹಾರವಲ್ಲ.

ಇನ್ನು ಮಳೆ. ಜುಲೈ, ಆಗಸ್ಟ್‌ನಲ್ಲಿ ಮೂಡಿಗೆರೆ, ಕಳಸ, ಶೃಂಗೇರಿ, ಕೊಪ್ಪ ಕಡೆ ಶಾಲೆಗಳಿಗೆ ಮಳೆ ರಜೆ ಕೊಡುವುದು ನಮಗೆ ಹೊಸದಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಹಲವೆಡೆ ಗುಡ್ಡ ಕುಸಿದು ದಾರಿಗಳೇ ಮುಚ್ಚಿದ್ದವು. ಜೋರು ಮಳೆಯ ದಿನ ಮಗು ಮನೆಯಿಂದ ಎಷ್ಟು ದೂರ ಇರಬಹುದು ಎಂಬುದು ಚಿಕ್ಕ ವಯಸ್ಸಿನ ಶಾಲೆ ಆರಿಸುವಾಗ ನಿಜವಾದ ಪ್ರಶ್ನೆ.

ಹಾಸ್ಟೆಲ್ ಇನ್ನೊಂದು ದಾರಿ. ಬ್ರಿಟಿಷರ ಕಾಲದಿಂದಲೂ ತೋಟದ ಮನೆಗಳ ಮಕ್ಕಳು ಊಟಿ, ಕೊಡೈಕೆನಾಲಿನ ವಸತಿ ಶಾಲೆಗಳಿಗೆ ಹೋದದ್ದುಂಟು. ದೊಡ್ಡ ಮಕ್ಕಳಿಗೆ ಅದು ಹೊಂದಬಹುದು. ಆದರೆ ಭಾಷೆ, ಧೈರ್ಯ, ನಂಬಿಕೆ ಎಲ್ಲ ಬೇರೂರುವ ಮೊದಲ ಏಳೆಂಟು ವರ್ಷದಲ್ಲಿ ದಿನವೂ ಮಾತಾಡಿಸುವ ಮನೆಯವರ ಜಾಗವನ್ನು ಯಾವ ಪಠ್ಯಕ್ರಮವೂ ತುಂಬುವುದಿಲ್ಲ.

ಹೊರದೇಶದಲ್ಲಿರುವವರಿಗೆ

ಗಲ್ಫ್ ದೇಶಗಳಲ್ಲಿ ಸಿಬಿಎಸ್‌ಇ ಮಾನ್ಯತೆಯ ಶಾಲೆಗಳು ಬಹಳ ಇವೆ. ಎರಡು ಮೂರು ವರ್ಷದಲ್ಲಿ ಊರಿಗೆ ಮರಳುವುದು ಖಚಿತ ಎಂದಾದರೆ ಅವು ಅನುಕೂಲ. ಅಲ್ಲಿಂದ ಇನ್ನೊಂದು ದೇಶಕ್ಕೆ ಹೋಗುವ ಯೋಚನೆ ಇದ್ದರೆ ಅಂತರರಾಷ್ಟ್ರೀಯ ಪಠ್ಯಕ್ರಮಕ್ಕೆ ಅರ್ಥ ಇದೆ. ಇದು ನಿರ್ಧಾರದ ಸುಲಭ ಭಾಗ. ಪ್ರಾಥಮಿಕ ಹಂತದಲ್ಲಿ ಪಠ್ಯಕ್ರಮ ಬದಲಾದರೂ ಮಗು ಬೇಗ ಹೊಂದಿಕೊಳ್ಳುತ್ತದೆ. ವಯಸ್ಸಿನ ಗಡುವು ಮಾತ್ರ ನೋಡಿಕೊಳ್ಳಿ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂದಿದೆ. ಆಗಾಗ ಸಡಿಲಿಕೆ ಕೊಡುವುದರಿಂದ ಮರಳುವ ವರ್ಷದ ಸುತ್ತೋಲೆಯನ್ನೇ ನೋಡಬೇಕು.

ಕಷ್ಟದ ಭಾಗ ಕನ್ನಡ ಉಳಿಸಿಕೊಳ್ಳುವುದು. ಹೊರದೇಶದಲ್ಲಿ ಇಂಗ್ಲಿಷ್ ತಾನಾಗಿ ಬರುತ್ತದೆ. ಮನೆಮಾತು ಹಾಗಲ್ಲ. ಆನ್ನಿಕ್ ಡಿ ಹೌವರ್ ಬೆಲ್ಜಿಯಂನ ಡಚ್ ಭಾಷಿಕ ಪ್ರದೇಶದಲ್ಲಿ ಸುಮಾರು 1,900 ಕುಟುಂಬಗಳ ಅಧ್ಯಯನವನ್ನು 2007ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಬೇರೆ ಭಾಷೆ ಕೇಳುತ್ತಾ ಬೆಳೆದ ಮಕ್ಕಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಅದನ್ನು ಮಾತಾಡುತ್ತಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿ ಆ ಭಾಷೆಯನ್ನೇ ಬಳಸಿದ ಕಡೆ ಬಹುಪಾಲು ಎಲ್ಲ ಕಡೆ ಮಕ್ಕಳೂ ಮಾತಾಡುತ್ತಿದ್ದರು. ಮನೆಯೊಳಗೂ ಶಾಲೆಯ ಭಾಷೆ ನುಗ್ಗಿದ ಕಡೆ ನಷ್ಟ ಹೆಚ್ಚು.

ಹಾಗಾಗಿ 'ಮಗುವಿಗೆ ಶಾಲೆಯಲ್ಲಿ ಕಷ್ಟವಾಗುತ್ತದೆ, ಮನೆಯಲ್ಲೂ ಇಂಗ್ಲಿಷ್ ಮಾತಾಡಿ' ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಮನೆಯಲ್ಲಿ ಗಟ್ಟಿಯಾದ ಕನ್ನಡ ಅಥವಾ ತುಳು ಇದ್ದರೆ ಇಂಗ್ಲಿಷಿಗೂ ಅದೇ ಆಸರೆ. ಓದು, ಕಥೆ ಹೇಳುವುದು, ಕಾರಣ ಕೊಡುವುದು ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೆ ದಾಟುತ್ತದೆ. ಊರಿನಲ್ಲಿರುವ ಅಜ್ಜ ಅಜ್ಜಿಯೊಂದಿಗೆ ವಾರಕ್ಕೊಮ್ಮೆ ವಿಡಿಯೊ ಕರೆ, ರಜೆಯಲ್ಲಿ ಒಂದು ತಿಂಗಳು ತೋಟದ ಮನೆ, ಹತ್ತಿರದಲ್ಲಿ ವಾರಾಂತ್ಯದ ಕನ್ನಡ ತರಗತಿ ಇದ್ದರೆ ಅದು, ಇಷ್ಟೂ ಸೇರಿದರೆ ಶಾಲೆ ಯಾವುದಾದರೂ ಭಾಷೆ ಉಳಿಯುತ್ತದೆ.

ಲೈನ್ ಮನೆಯ ಮಗು

ಈಗ ಮೂರನೇ ಮನೆ. ಅಸ್ಸಾಮಿನಿಂದ ಬಂದ ಆ ಹುಡುಗನಿಗೆ ಮೂಡಿಗೆರೆಯೇ ಹೊರದೇಶ ಇದ್ದಂತೆ. ದುಬೈನಲ್ಲಿರುವ ನಮ್ಮ ಮಗುವಿಗೆ ಅಲ್ಲಿನ ಶಾಲೆ ಭಾಷೆಯ ನೆರವು ಕೊಡಬೇಕು ಎಂದು ನಾವು ಬಯಸುತ್ತೇವೆ. ಇವನಿಗೂ ಅದೇ ಬೇಕು.

ಕಾನೂನು ಅವನ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಷದ ನಡುವೆ ಬಂದ ಎಂದೋ, ವಯಸ್ಸಿನ ದಾಖಲೆ ಇಲ್ಲ ಎಂದೋ, ವರ್ಗಾವಣೆ ಪತ್ರ ಇಲ್ಲ ಎಂದೋ ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ತೋಟಗಳ ಹೊಣೆಯೂ ಹಳೆಯದು. 1951ರ ತೋಟ ಕಾರ್ಮಿಕರ ಕಾಯ್ದೆ ಐವತ್ತು ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತ್ತು. ಆರರಿಂದ ಹನ್ನೆರಡು ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಅವರ ಕಲಿಕೆಗೆ ಮಾಲೀಕರು ಏರ್ಪಾಡು ಮಾಡುವಂತೆ ರಾಜ್ಯಗಳು ನಿಯಮ ತರಬಹುದು ಎಂದೂ ಹೇಳಿತ್ತು.

ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಡೆಯುವ 'ನಲಿ ಕಲಿ' ಇಂಥ ಮಕ್ಕಳಿಗೆ ಹೊಂದುವ ಕ್ರಮ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಇದರಲ್ಲಿ ಮಗು ಕಲಿಕೆಯ ಏಣಿಯ ಮೆಟ್ಟಿಲುಗಳನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಎರಡು ತಿಂಗಳು ತಪ್ಪಿಸಿಕೊಂಡವನೂ ನಿಲ್ಲಿಸಿದ ಮೆಟ್ಟಿಲಿನಿಂದಲೇ ಶುರು ಮಾಡಬಹುದು. ಹಾಡು, ಚಿತ್ರ, ಗುಂಪು ಆಟ ಇರುವುದರಿಂದ ಭಾಷೆ ಬಾರದ ಮಗುವಿಗೂ ಜಾಗ ಇದೆ. ಊರಿನ ಮಕ್ಕಳೆಲ್ಲ ದೂರದ ಬಸ್ಸು ಹತ್ತಿದರೆ ಆ ಶಾಲೆಯಲ್ಲಿ ಇವನಿಗೆ ಕನ್ನಡ ಕಲಿಸುವ ಜೊತೆಗಾರರೇ ಉಳಿಯುವುದಿಲ್ಲ. ಮಕ್ಕಳು ಭಾಷೆಯನ್ನು ಹೆಚ್ಚು ಕಲಿಯುವುದು ಪರಸ್ಪರ ಆಡುತ್ತಾ.

ಶಾಲೆ ನೋಡಲು ಹೋದಾಗ ಏನು ಕೇಳಬೇಕು?

ಕಟ್ಟಡ, ಎಸಿ ಬಸ್ಸು, ಟೈ ಬೂಟು ನೋಡುವ ಮೊದಲು ಇವನ್ನು ಗಮನಿಸಿ:

• ಅರ್ಧ ಗಂಟೆ ತರಗತಿಯ ಹೊರಗೆ ನಿಂತು ಕೇಳಲು ಬಿಡುತ್ತಾರೆಯೇ? ಒಳಗೆ ಮಕ್ಕಳ ದನಿ ಕೇಳಿಸುತ್ತದೋ, ಶಿಕ್ಷಕರ ದನಿ ಮಾತ್ರವೋ?
• ಮಗುವಿಗೆ ಅರ್ಥವಾಗದಿದ್ದಾಗ ಶಿಕ್ಷಕರು ಕನ್ನಡದಲ್ಲಿ ವಿವರಿಸುತ್ತಾರೋ? ಮನೆಮಾತು ಆಡಿದರೆ ದಂಡ ಇದೆಯೋ?
• ಎಲ್‌ಕೆಜಿ, ಯುಕೆಜಿಗೆ ಕಲಿಸುವವರ ತರಬೇತಿ ಏನು? ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆ? ವರ್ಷ ವರ್ಷ ಶಿಕ್ಷಕರು ಬದಲಾದರೆ ಚಿಕ್ಕ ಮಕ್ಕಳಿಗೆ ಅದು ದೊಡ್ಡ ಪೆಟ್ಟು.
• ಒಂದು ತರಗತಿಯಲ್ಲಿ ಎಷ್ಟು ಮಕ್ಕಳು? ಪ್ರಾಥಮಿಕ ಹಂತಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು 30 ಮಕ್ಕಳಿಗೆ ಒಬ್ಬ ಶಿಕ್ಷಕರು.
• ಮಾನ್ಯತೆ ಯಾವ ಮಂಡಳಿಯದ್ದು, ಯಾವ ತರಗತಿವರೆಗೆ?
• ಮನೆಯಿಂದ ಬಾಗಿಲಿಗೆ ಎಷ್ಟು ನಿಮಿಷ? ಮಳೆಗಾಲದಲ್ಲಿ ಎಷ್ಟು?

ಒಂದನೇ ತರಗತಿಗೆ ಸೇರಿಸುವಾಗ ಮಗುವಿಗೋ ಪೋಷಕರಿಗೋ ಪರೀಕ್ಷೆ, ಸಂದರ್ಶನ ಮಾಡಿದರೆ ಅದು ಶಿಕ್ಷಣ ಹಕ್ಕು ಕಾಯ್ದೆಗೆ ವಿರುದ್ಧ. 'ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರುತ್ತದೆಯೇ' ಎಂದು ಅಳೆಯುವ ಶಾಲೆ ಮುಂದೆ ಮಗುವನ್ನು ಹೇಗೆ ನೋಡೀತು ಎಂಬ ಸುಳಿವೂ ಅಲ್ಲೇ ಸಿಗುತ್ತದೆ.

ಹತ್ತಿರದ ಶಾಲೆಯಲ್ಲಿ ಒಳ್ಳೆಯ ಶಿಕ್ಷಕಿ ಇದ್ದು ಇಂಗ್ಲಿಷ್ ಮಾತ್ರ ಸ್ವಲ್ಪ ಕಡಿಮೆ ಎನಿಸಿದರೆ ಅದನ್ನು ಮನೆಯಲ್ಲಿ ತುಂಬಬಹುದು. ದಿನಕ್ಕೆ ಇಪ್ಪತ್ತು ನಿಮಿಷ ಇಂಗ್ಲಿಷ್ ಕಥೆ ಪುಸ್ತಕ ಜೊತೆಯಲ್ಲಿ ಓದಿ, ಅದರ ಬಗ್ಗೆ ಕನ್ನಡದಲ್ಲೇ ಮಾತಾಡಿ. ಅದೇ, ದೂರದ ಶಾಲೆಯಲ್ಲಿ ಇಂಗ್ಲಿಷ್ ಚೆನ್ನಾಗಿದ್ದು ಮಗುವಿಗೆ ಪಾಠ ಅರ್ಥವಾಗುತ್ತಿಲ್ಲ, ನಿದ್ದೆ ಇಲ್ಲ ಎಂದಾದರೆ ಆ ಕೊರತೆಯನ್ನು ಟ್ಯೂಶನ್ ತುಂಬಲಾರದು.

ಈಗಾಗಲೇ ಸೇರಿಸಿಬಿಟ್ಟಿದ್ದರೆ ಬೇಸರ ಬೇಡ, ಚಿಕ್ಕ ತರಗತಿಗಳಲ್ಲಿ ಬದಲಾಯಿಸಲು ಅವಕಾಶ ಇದ್ದೇ ಇರುತ್ತದೆ. ಸಂಜೆ ಮಗು ಬಸ್ಸಿಳಿದಾಗ 'ಇವತ್ತು ಎಷ್ಟು ಮಾರ್ಕ್ಸ್' ಎನ್ನುವ ಬದಲು 'ಇವತ್ತು ಟೀಚರಿಗೆ ನೀನು ಏನು ಕೇಳಿದೆ?' ಎಂದು ಕೇಳಿ ನೋಡಿ. ವಾರಗಟ್ಟಲೆ 'ಏನೂ ಕೇಳಿಲ್ಲ' ಎಂಬ ಉತ್ತರವೇ ಬರುತ್ತಿದ್ದರೆ, ಶಾಲೆಗೆ ಒಮ್ಮೆ ಹೋಗಿ ಬರಬೇಕು ಎಂದು ಅರ್ಥ.